ಟೋಪಿಯ ಶಿಲುಬೆ ಎಷ್ಟು ಹೇಳುತ್ತದೆ? ಜರ್ಮನ್ ಮೀಸಲು ಪಡೆಯ ಫೋಟೊಗಳಲ್ಲಿ ಗುರುತು ತಪ್ಪುವ ಕಡೆಗಳು

ಪೋಸ್ಟ್‌ಕಾರ್ಡ್ ಗಾತ್ರದ ಹಳೆಯ ಫೋಟೊ. ನಡುವಯಸ್ಸು ದಾಟಿದ ಗಡ್ಡದ ಸೈನಿಕ, ಪಕ್ಕದಲ್ಲಿ ಉದ್ದನೆಯ ಬಂದೂಕು, ತಲೆಯ ಮೇಲೆ ಹೊಳೆಯುವ ಕಪ್ಪು ಟೋಪಿ, ಟೋಪಿಯ ಮುಂಭಾಗದಲ್ಲಿ ಒಂದು ಶಿಲುಬೆ. ಕೆಳಗೆ ಯಾರೋ ಬರೆದ ಚೀಟಿ: ‘ಜರ್ಮನ್ ಲಾಂಡ್‌ಸ್ಟುರ್ಮ್, 1914’. ಲಾಂಡ್‌ಸ್ಟುರ್ಮ್ ಎಂದರೆ ಮೊದಲ ಮಹಾಯುದ್ಧದ ಕಾಲದ ಜರ್ಮನ್ ಸೇನೆಯ ಕೊನೆಯ ಸಾಲಿನ ಮೀಸಲು ಪಡೆ. ಚೀಟಿ ಸರಿಯಿರಬಹುದು. ಆದರೆ ಇದೇ ಚೀಟಿ ರಷ್ಯದ ಸೆರೆಯಾಳಿನ ಫೋಟೊಕ್ಕೂ, ಆಸ್ಟ್ರಿಯದ ಕಾವಲುಗಾರನ ಫೋಟೊಕ್ಕೂ, ಮೂವತ್ತು ವರ್ಷ ಆಮೇಲಿನ, ಹಿಟ್ಲರ್ ಕಾಲದ ನಾಗರಿಕ ಪಡೆಯಾದ ಫೋಕ್ಸ್‌ಸ್ಟುರ್ಮ್‌ನವನ ಫೋಟೊಕ್ಕೂ ಅಂಟಿಕೊಂಡಿರುವುದುಂಟು. ದೋಷ ಹೆಚ್ಚಾಗಿ ಒಂದೇ ಕಡೆ ಹುಟ್ಟುತ್ತದೆ. ನೋಡುವವರು ಟೋಪಿ ಮತ್ತು ವಯಸ್ಸಿನಿಂದ ಶುರುಮಾಡಿ ಅಲ್ಲಿಯೇ ನಿಂತುಬಿಡುತ್ತಾರೆ. ಟೋಪಿ ಹೇಳುವುದು ವರ್ಗವನ್ನು ಮಾತ್ರ. ತುಕಡಿಯನ್ನು ಹೇಳುವುದು ಕಾಲರ್. ಕಾಲವನ್ನು ಹೇಳುವುದು ಅಂಗಿಯ ಹೊಲಿಗೆ. ಬಂದೂಕು ಇವುಗಳಿಗೆ ಸಾಕ್ಷಿ ನುಡಿಯಬಲ್ಲದು, ತಾನೇ ತೀರ್ಪು ಕೊಡಲಾರದು.

ಯಾರು ಯಾರು ಎನ್ನುವುದು ಮೊದಲು

1914ರ ಜರ್ಮನಿಯಲ್ಲಿ ಗಂಡಸಿನ ಸೇನಾ ಹೊಣೆ 17ನೇ ವಯಸ್ಸಿಗೆ ಶುರುವಾಗಿ 45ಕ್ಕೆ ಮುಗಿಯುತ್ತಿತ್ತು. 20ಕ್ಕೆ ಸಕ್ರಿಯ ಸೇವೆ: ಕಾಲಾಳಿಗೆ 2 ವರ್ಷ, ಕುದುರೆಪಡೆಗೆ 3. ಆಮೇಲೆ ಸುಮಾರು 27ರವರೆಗೆ ರಿಸರ್ವ್, ಅಲ್ಲಿಂದ 39ರವರೆಗೆ ಎರಡು ಹಂತಗಳಲ್ಲಿ ಲಾಂಡ್‌ವೇರ್, ಕೊನೆಗೆ 45ರವರೆಗೆ ಲಾಂಡ್‌ಸ್ಟುರ್ಮ್‌ನ ಎರಡನೇ ಕರೆ. ಲಾಂಡ್‌ಸ್ಟುರ್ಮ್‌ನ ಮೊದಲ ಕರೆಯಲ್ಲಿ ಇದ್ದವರು 17ರಿಂದ 39ರೊಳಗಿನ, ತರಬೇತಿಯಿಲ್ಲದ ಗಂಡಸರು.

ಇಲ್ಲಿಯೇ ಮೊದಲ ಬಲೆ ಇದೆ. ‘ಲಾಂಡ್‌ಸ್ಟುರ್ಮ್’ ಎಂಬುದು ಎರಡು ಬೇರೆ ಬೇರೆ ಸಂಗತಿಗಳಿಗೆ ಹೆಸರು: ಒಂದು ಮನುಷ್ಯನ ಕಾನೂನು ಸ್ಥಾನ, ಇನ್ನೊಂದು ಲಾಂಡ್‌ಸ್ಟುರ್ಮ್ ಬೆಟಾಲಿಯನ್ ಎಂಬ ತುಕಡಿ. ಯುದ್ಧ ಮುಂದುವರಿದ ಹಾಗೆ ಮೊದಲ ಕರೆಯ ಯುವಕರನ್ನು ಸಾಮಾನ್ಯ ರೆಜಿಮೆಂಟುಗಳಿಗೇ ತುಂಬಿದರು. ಅವರ ಕಾಗದಪತ್ರದಲ್ಲೂ ಸಾವುನೋವಿನ ಪಟ್ಟಿಯಲ್ಲೂ ‘ಲಾಂಡ್‌ಸ್ಟುರ್ಮ್‌ಮಾನ್’ ಎಂದೇ ಇರುತ್ತದೆ. ‘ವೇರ್‌ಮಾನ್’ ಎಂದರೆ ಲಾಂಡ್‌ವೇರ್ ಸ್ಥಾನದವನು, ‘ರಿಸರ್ವಿಸ್ಟ್’ ಎಂದರೆ ರಿಸರ್ವ್ ಸ್ಥಾನದವನು. ಹಾಗಾಗಿ ಫೋಟೊದ ಬೆನ್ನಿನಲ್ಲಿ ‘ಲಾಂಡ್‌ಸ್ಟುರ್ಮ್‌ಮಾನ್’ ಎಂದು ಕಂಡಕೂಡಲೇ ತುಕಡಿಯನ್ನು ತೀರ್ಮಾನಿಸಬೇಡಿ. ಇಪ್ಪತ್ತರ ಹುಡುಗ ಉಕ್ಕಿನ ಹೆಲ್ಮೆಟ್ ಹಾಕಿಕೊಂಡು ಕಂದಕದಲ್ಲಿ ನಿಂತಿದ್ದರೂ ಅವನು ಕಾಗದದ ಮೇಲೆ ಲಾಂಡ್‌ಸ್ಟುರ್ಮ್‌ಮಾನ್ ಆಗಿರಬಹುದು.

ಸ್ಕ್ಯಾನ್ ಸರಿಯಿಲ್ಲದಿದ್ದರೆ ಮುಂದಿನದು ವ್ಯರ್ಥ

ಹೆಚ್ಚಿನ ವಾದಗಳು ಕೆಟ್ಟ ಸ್ಕ್ಯಾನಿನ ಮೇಲೆ ನಡೆಯುತ್ತವೆ. ಲೆಕ್ಕ ಹಾಕಿ ನೋಡಿ. 170 ಸೆಂ.ಮೀ. ಎತ್ತರದ ಸೈನಿಕ ಕಾರ್ಡಿನಲ್ಲಿ 10 ಸೆಂ.ಮೀ. ಎತ್ತರಕ್ಕೆ ಬಂದಿದ್ದಾನೆ ಎಂದುಕೊಳ್ಳೋಣ. ಟೋಪಿಯ ದುಂಡು ಬಿಲ್ಲೆ ನಿಜದಲ್ಲಿ 2.5 ಸೆಂ.ಮೀ. ಇದ್ದರೆ ಕಾರ್ಡಿನಲ್ಲಿ ಅದು ಒಂದೂವರೆ ಮಿ.ಮೀ.ಗೂ ಒಂಚೂರು ಕಡಿಮೆ. 300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕೆ) ಅದಕ್ಕೆ ಸಿಗುವುದು ಸುಮಾರು 17 ಪಿಕ್ಸೆಲ್. ಅಷ್ಟರೊಳಗೆ ಮೂರು ಬಣ್ಣದ ಉಂಗುರಗಳನ್ನು ಓದುವುದು ಊಹೆಯಾಗುತ್ತದೆ. 1200 ಡಿಪಿಐನಲ್ಲಿ ಸುಮಾರು 69 ಪಿಕ್ಸೆಲ್ ಸಿಗುತ್ತದೆ, ಅದು ಕೆಲಸಕ್ಕೆ ಸಾಕು.

1200 ಡಿಪಿಐ, 16 ಬಿಟ್, ಟಿಫ್ ಕಡತ. ಕಪ್ಪುಬಿಳುಪಾದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಕಲೆ, ಶಾಯಿ, ಬೆಳ್ಳಿಯ ಹೊಳಪು ಆಗ ಬೇರೆಬೇರೆಯಾಗಿ ಕಾಣುತ್ತವೆ. ಬೆನ್ನನ್ನೂ ಸ್ಕ್ಯಾನ್ ಮಾಡಿ. ಸ್ಕ್ಯಾನರಿನ ತನ್ನಿಂತಾನೇ ಚುರುಕುಗೊಳಿಸುವ ಆಯ್ಕೆಯನ್ನು ಆಫ್ ಮಾಡಿಡಿ. ಇನ್ನೊಂದು ಮಾತು: ಈಗಿನ ಎಐ ಸಾಧನಗಳಿಂದ ದೊಡ್ಡದು ಮಾಡಿದ, ಬಣ್ಣ ಹಚ್ಚಿದ ಪ್ರತಿಯನ್ನು ಗುರುತಿಸುವಿಕೆಗೆ ಬಳಸಲೇಬೇಡಿ. ಅವು ಮಸುಕಾದ ಬಿಲ್ಲೆಯನ್ನು ಚೊಕ್ಕ ಗುಂಡಿಯಾಗಿಸುತ್ತವೆ, ಕಾಲರಿನ ಅಂಕಿಯನ್ನು ಎಲ್ಲೂ ಇಲ್ಲದ ಅಕ್ಷರವಾಗಿಸುತ್ತವೆ, ನೀಲಿ ಅಂಗಿಗೆ ಬೂದು ಬಳಿಯುತ್ತವೆ. ಮೂಲ ಕೈಯಲ್ಲಿಲ್ಲದೆ ಅಂಥ ಪ್ರತಿ ಮಾತ್ರ ಇದ್ದರೆ ‘ತುಕಡಿ ಹೇಳಲಾಗದು’ ಎನ್ನುವುದೇ ಪ್ರಾಮಾಣಿಕ ಉತ್ತರ.

ಚಿತ್ರ ತಿರುಗಿದೆಯೇ?

ನೆಗೆಟಿವನ್ನು ಹಿಂದುಮುಂದು ಮಾಡಿ ಅಚ್ಚು ಹಾಕಿದ ಚಿತ್ರಗಳು, ಕನ್ನಡಿಬಿಂಬವಾದ ಮರುಮುದ್ರಣಗಳು ನಾವು ಎಣಿಸುವುದಕ್ಕಿಂತ ಹೆಚ್ಚು. ಪರೀಕ್ಷೆಗೆ ಐದು ನಿಮಿಷವೂ ಬೇಡ. ಗಂಡಸರ ಅಂಗಿಯಲ್ಲಿ ಎಡಬದಿ ಬಲಬದಿಯ ಮೇಲೆ ಬರಬೇಕು. ಬಯೊನೆಟ್ ಸೈನಿಕನ ಎಡ ಸೊಂಟದಲ್ಲಿ ತೂಗಬೇಕು, ರೊಟ್ಟಿಚೀಲ ಬಲಗಡೆ. ಮೊದಲ ದರ್ಜೆಯ ಕಬ್ಬಿಣದ ಶಿಲುಬೆ ಪದಕ ಎದೆಯ ಎಡಕ್ಕಿರಬೇಕು. ಬಂದೂಕಿನ ಬೋಲ್ಟ್ ಹಿಡಿ ಬಲಕ್ಕಿರಬೇಕು. ಇವುಗಳಲ್ಲಿ ಎರಡು ಉಲ್ಟಾ ಕಂಡರೆ ಚಿತ್ರವನ್ನು ತಿರುಗಿಸಿ ಮೊದಲಿನಿಂದ ನೋಡಿ.

ಈ ಪರೀಕ್ಷೆ ಬಿಟ್ಟರೆ ಆಗುವ ನಷ್ಟ ಸಣ್ಣದಲ್ಲ. ಲಾಂಡ್‌ಸ್ಟುರ್ಮ್ ಕಾಲರಿನ ಮೇಲೆ ಸೇನಾ ವಲಯವನ್ನು ಹೇಳುವ ರೋಮನ್ ಅಂಕಿ, ಅದರ ಕೆಳಗೆ ಬೆಟಾಲಿಯನ್ನಿನ ಸಾಮಾನ್ಯ ಅಂಕಿ ಇರುತ್ತದೆ. ರೋಮನ್ 9 ಕನ್ನಡಿಯಲ್ಲಿ ರೋಮನ್ 11 ಆಗುತ್ತದೆ, ರೋಮನ್ 4 ಕನ್ನಡಿಯಲ್ಲಿ 6 ಆಗುತ್ತದೆ. ಅಂದರೆ ಹ್ಯಾಂಬುರ್ಗ್ ಪಕ್ಕದ ಆಲ್ಟೊನಾ ವಲಯದವನು ಕಾಸೆಲ್ ವಲಯದವನಾಗುತ್ತಾನೆ, ಮಾಗ್ಡೆಬುರ್ಗ್ ವಲಯದವನು ಬ್ರೆಸ್ಲಾವ್ ವಲಯಕ್ಕೆ ಹೋಗುತ್ತಾನೆ. ಕೆಳಗಿನ ಸಾಮಾನ್ಯ ಅಂಕಿ 3 ಅಥವಾ 7 ಆಗಿದ್ದರೆ ತಿರುಗಿದ್ದು ಎದ್ದು ಕಾಣುತ್ತದೆ. 8 ಇದ್ದರೆ ಕಾಣುವುದಿಲ್ಲ. ರೋಮನ್ 14ರಂಥವು ಕನ್ನಡಿಯಲ್ಲಿ ಅರ್ಥವಿಲ್ಲದ ಸಾಲಾಗಿ ತಮ್ಮನ್ನು ತಾವೇ ಬಯಲು ಮಾಡಿಕೊಳ್ಳುತ್ತವೆ.

ಕಪ್ಪು ಕಂಡದ್ದೆಲ್ಲ ಕಪ್ಪಲ್ಲ

ಆ ಕಾಲದ ಫಲಕ ಮತ್ತು ಫಿಲ್ಮುಗಳಲ್ಲಿ ಬಹುಪಾಲು ಕೆಂಪನ್ನು ಗ್ರಹಿಸುತ್ತಿರಲಿಲ್ಲ, ನೀಲಿಗೆ ಅತಿಯಾಗಿ ಸ್ಪಂದಿಸುತ್ತಿದ್ದವು. ಪರಿಣಾಮ: ಕೆಂಪು ಕಪ್ಪಾಗಿ ಕಾಣುತ್ತದೆ, ನೀಲಿ ತಿಳಿಯಾಗುತ್ತದೆ. ಇದನ್ನು ಮರೆತಲ್ಲಿ ಮೂರು ತಪ್ಪುಗಳು ಮತ್ತೆ ಮತ್ತೆ ಆಗುತ್ತವೆ.

ಒಂದು, ಟೋಪಿಯ ಪಟ್ಟಿ. ಪ್ರಷ್ಯನ್ (ಪ್ರಷ್ಯ ಆಗಿನ ಜರ್ಮನ್ ಸಾಮ್ರಾಜ್ಯದ ಅತಿ ದೊಡ್ಡ ರಾಜ್ಯ) ಕಾಲಾಳಿನ ಮುಂಚಾಚಿಲ್ಲದ ದುಂಡು ಬಟ್ಟೆ ಟೋಪಿಗೆ, ಅಂದರೆ ಕ್ರೆಟ್ಸ್‌ಖೆನ್‌ಗೆ, ಕೆಂಪು ಪಟ್ಟಿ ಇತ್ತು. ಫಿರಂಗಿ ಪಡೆ ಮತ್ತು ಸೇತುವೆ, ಕಂದಕ ಕಟ್ಟುವ ಪಯೊನಿಯರ್‌ಗಳದ್ದು ಕಪ್ಪು ಪಟ್ಟಿ. ಫೋಟೊದಲ್ಲಿ ಎರಡೂ ಕಪ್ಪೇ. ‘ಕಪ್ಪು ಪಟ್ಟಿ ಇದೆ, ಫಿರಂಗಿಯವನು’ ಎಂಬ ತೀರ್ಮಾನಕ್ಕೆ ಆಧಾರವಿಲ್ಲ. ಪ್ರಷ್ಯನ್ ಫಿರಂಗಿ ಪಡೆಯ ಚರ್ಮದ ಹೆಲ್ಮೆಟ್ಟಿನ ತುದಿಯಲ್ಲಿ ಮೊನೆಯ ಬದಲು ಗುಂಡು ಇರುತ್ತಿತ್ತು. ಅಂಥ ಹೆಲ್ಮೆಟ್ ಕಂಡರೆ ಮಾತ್ರ ಹಾಗೆ ಬರೆಯಿರಿ. ಯುದ್ಧಭೂಮಿಯಲ್ಲಿ ಕೆಂಪು ಪಟ್ಟಿಯ ಮೇಲೆ ಬೂದುಬಟ್ಟೆಯ ಪಟ್ಟಿ ಸುತ್ತುತ್ತಿದ್ದರು, ಆದ್ದರಿಂದ ಪಟ್ಟಿಯೇ ಕಾಣದಿದ್ದರೆ ಅದೂ ಒಂದು ಸುಳಿವೇ.

ಎರಡು, ಬಿಲ್ಲೆಗಳು. ದುಂಡು ಟೋಪಿಯಲ್ಲಿ ಎರಡು ಬಿಲ್ಲೆ. ಮೇಲಿನದು ಸಾಮ್ರಾಜ್ಯದ್ದು: ಹೊರಗೆ ಕಪ್ಪು, ನಡುವೆ ಬಿಳಿ ಉಂಗುರ, ಒಳಗೆ ಕೆಂಪು. ಪಟ್ಟಿಯಲ್ಲಿರುವ ಕೆಳಗಿನ ಬಿಲ್ಲೆ ಆತನ ರಾಜ್ಯದ್ದು. ಪ್ರಷ್ಯದ್ದು ಕಪ್ಪು-ಬಿಳಿ-ಕಪ್ಪು. ಒಳಗಿನ ಕೆಂಪು ಕಪ್ಪಾಗುವುದರಿಂದ ಪ್ರಷ್ಯನ್ನನ ಎರಡೂ ಬಿಲ್ಲೆಗಳು ಫೋಟೊದಲ್ಲಿ ಒಂದೇ ಥರ ಕಾಣುತ್ತವೆ. ಅದನ್ನು ದೋಷವೆಂದು ಓದಬಾರದು. ವ್ಯುರ್ಟೆಂಬೆರ್ಗ್‌ನ ಬಿಲ್ಲೆ ಕಪ್ಪು-ಕೆಂಪು-ಕಪ್ಪು, ಆದ್ದರಿಂದ ಇಡೀ ಬಿಲ್ಲೆ ಒಂದು ಕಪ್ಪು ಚುಕ್ಕೆ. ಬವೇರಿಯದ್ದು ಬಿಳಿ-ನೀಲಿ-ಬಿಳಿ, ನೀಲಿ ತಿಳಿಯಾಗಿ ಇಡೀ ಬಿಲ್ಲೆ ಬೆಳ್ಳಗೆ ಕಾಣುತ್ತದೆ. ಸ್ಯಾಕ್ಸನಿಯ ಬಿಳಿ-ಹಸಿರು-ಬಿಳಿಯಲ್ಲಿ ಹಸಿರು ಉಂಗುರ ಸ್ವಲ್ಪ ಗಾಢವಾಗಿ ಉಳಿಯುತ್ತದೆ. ಬಾಡೆನ್‌ನದು ಹಳದಿ-ಕೆಂಪು-ಹಳದಿ. ಮೇಲಿನ ಬಿಲ್ಲೆಯ ಜೊತೆ ಕೆಳಗಿನದನ್ನು ಹೋಲಿಸಿ ಓದಬೇಕು, ಒಂಟಿಯಾಗಿ ಓದಬಾರದು. ಸಾಮ್ರಾಜ್ಯದ ಬಿಲ್ಲೆ ಬಂದದ್ದು 1897ರಲ್ಲಿ. ಚರ್ಮದ ಹೆಲ್ಮೆಟ್ಟಿನಲ್ಲಿ ಅದು ಬಲಗಡೆ, ರಾಜ್ಯದ ಬಿಲ್ಲೆ ಎಡಗಡೆ. ಟೋಪಿಯಲ್ಲಿ ಒಂದೇ ಬಿಲ್ಲೆ ಸ್ಪಷ್ಟವಾಗಿ ಕಂಡು, ಇನ್ನೊಂದು ಬಿದ್ದುಹೋದ ಗುರುತೂ ಇಲ್ಲದಿದ್ದರೆ ಚಿತ್ರ 1897ಕ್ಕಿಂತ ಹಳೆಯದೇ ಎಂದು ಅನುಮಾನಿಸಿ.

ಮೂರು, ಅಂಗಿಯ ಬಣ್ಣ. ಲಾಂಡ್‌ಸ್ಟುರ್ಮ್‌ಗೆ 1914ರಲ್ಲಿ ಹೊಸ ಬೂದುಬಟ್ಟೆ ಎಲ್ಲರಿಗೂ ಸಿಕ್ಕಲಿಲ್ಲ, ಉಗ್ರಾಣದ ಹಳೆಯ ಗಾಢನೀಲಿ ಅಂಗಿಗಳು ಹೊರಬಂದವು. ಆದರೆ ನೀಲಿಯೋ ಬೂದೋ ಎಂದು ಫೋಟೊದ ಛಾಯೆ ನೋಡಿ ಹೇಳುವುದು ನಂಬಿಕೆಯ ಮಾತಲ್ಲ. ಹೊಲಿಗೆಯನ್ನು ನೋಡಿ. ಹಳೆಯ ನೀಲಿ ಅಂಗಿಗೆ ನಿಂತ ಕಾಲರ್, ಮುಂದೆ ಸೊಂಟದ ಕೆಳಗೆ ಜೇಬಿಲ್ಲ. 1907/10ರ ಬೂದು ಅಂಗಿಗೆ ಮಡಚಿದ ಕಾಲರ್, ಮುಂದೆ ಮುಚ್ಚಳವಿರುವ ಎರಡು ಜೇಬು. 1915ರ ಸೆಪ್ಟೆಂಬರಿನಲ್ಲಿ ಒಪ್ಪಿದ ಹೊಸ ಮಾದರಿಯಲ್ಲಿ ಮುಂದಿನ ಗುಂಡಿಗಳು ಬಟ್ಟೆಯ ಪಟ್ಟಿಯ ಅಡಿಯಲ್ಲಿ ಮುಚ್ಚಿಹೋಗಿರುತ್ತವೆ. ಈ ಮೂರನ್ನು ಬೇರ್ಪಡಿಸಲು ಬಣ್ಣವೇ ಬೇಡ.

ಶಿಲುಬೆ

ಈಗ ಟೋಪಿಗೆ ಬರೋಣ. ಶಿಲುಬೆಯ ಮೂಲ 1813ರ ಮಾರ್ಚಿನಲ್ಲಿ ನೆಪೋಲಿಯನ್ ವಿರುದ್ಧ ಪ್ರಷ್ಯದ ದೊರೆ ಮೂರನೇ ಫ್ರೀಡ್ರಿಶ್ ವಿಲ್ಹೆಲ್ಮ್ ಕಟ್ಟಿದ ಲಾಂಡ್‌ವೇರ್. ನೂರು ವರ್ಷಗಳ ಬಳಿಕವೂ ಅದು ‘ಇವನು ಸಕ್ರಿಯ ಸೇನೆಯ ಹೊರಗಿನವನು’ ಎಂಬ ಗುರುತಾಗಿ ಉಳಿದಿತ್ತು. ಅದು ಎಲ್ಲಿ, ಎಷ್ಟು ದೊಡ್ಡದಾಗಿ ಇದೆ ಎನ್ನುವುದರ ಮೇಲೆ ಅರ್ಥ ಬದಲಾಗುತ್ತದೆ.

ಹೊಳೆಯುವ ಕಪ್ಪು ಮೇಣಬಟ್ಟೆಯ ಟೋಪಿ, ಮುಂದೆ ಚರ್ಮದ ಮುಂಚಾಚು, ಮುಂಭಾಗದಲ್ಲಿ ಬಿಲ್ಲೆಗಿಂತ ದೊಡ್ಡ ಲೋಹದ ಶಿಲುಬೆ: ಲಾಂಡ್‌ಸ್ಟುರ್ಮ್‌ನ ಅತ್ಯಂತ ಗಟ್ಟಿಯಾದ ಗುರುತು ಇದೇ. ಜರ್ಮನ್ ಹೆಸರು ವಾಕ್ಸ್‌ಟೂಖ್‌ಮ್ಯುಟ್ಸೆ. ಬಟ್ಟೆ ಟೋಪಿಯಲ್ಲಿ ಬೆಳಕು ಹರಡಿ ಮಂದವಾಗುತ್ತದೆ. ಮೇಣಬಟ್ಟೆಯಲ್ಲಿ ಹಾಗಲ್ಲ, ಅಂಚಿನಲ್ಲಿ ಗೆರೆಯಂಥ ಬಿಳಿ ಹೊಳಪು ನಿಲ್ಲುತ್ತದೆ, ಸುಕ್ಕುಗಳು ಒಡೆದ ಗೆರೆಗಳಾಗಿ ಕಾಣುತ್ತವೆ.

ಚಪ್ಪಟೆ ಮೇಲ್ಭಾಗದ ಬಟ್ಟೆ ಟೋಪಿ, ಮುಂಚಾಚು, ಕೆಳಗಿನ ಬಿಲ್ಲೆಯ ಒಳಗೇ ಕೂತ ಪುಟ್ಟ ಶಿಲುಬೆ: ಇವನು ರಿಸರ್ವ್ ಅಥವಾ ಲಾಂಡ್‌ವೇರ್ ಅಧಿಕಾರಿ. ‘ಶಿಲುಬೆ ಇದೆ, ಲಾಂಡ್‌ಸ್ಟುರ್ಮ್ ಸಿಪಾಯಿ’ ಎಂದು ಬರೆದು ವಕೀಲನನ್ನೋ ಮೇಷ್ಟರನ್ನೋ ಲೆಫ್ಟಿನೆಂಟ್ ಪದವಿಯಿಂದ ಇಳಿಸಿಬಿಡುವುದು ಸಾಮಾನ್ಯ ತಪ್ಪು. ಹೆಗಲು ನೋಡಿ, ಅಧಿಕಾರಿಯ ಹೆಗಲುಪಟ್ಟಿ ಹೆಣೆದ ದಾರದ್ದು.

ಮೊನೆಯ ಚರ್ಮದ ಹೆಲ್ಮೆಟ್, ಅಂದರೆ ಪಿಕೆಲ್‌ಹೌಬೆ, ಹದ್ದಿನ ಫಲಕದ ಮೇಲೆ ಶಿಲುಬೆ: ಇದು ರಿಸರ್ವ್ ಅಥವಾ ಲಾಂಡ್‌ವೇರ್. ಇವೆರಡರಲ್ಲಿ ಯಾವುದು ಎಂದು ಫಲಕ ಹೇಳದು, ಹೆಲ್ಮೆಟ್ಟಿನ ಬಟ್ಟೆ ಗವಸು ಹೇಳುತ್ತದೆ. ಗವಸಿನ ಮುಂದೆ ಬರಿಯ ಅಂಕಿ ಇದ್ದರೆ ಸಕ್ರಿಯ ರೆಜಿಮೆಂಟು, ಅಂಕಿಯ ಜೊತೆ ‘ಆರ್’ ಇದ್ದರೆ ರಿಸರ್ವ್, ‘ಎಲ್’ ಇದ್ದರೆ ಲಾಂಡ್‌ವೇರ್. ಅಂಕಿ ಮೊದಲು ಕೆಂಪಾಗಿತ್ತು. ದೂರದಿಂದ ಕಾಣುತ್ತದೆಂದು 1914ರಲ್ಲೇ ಹಸಿರಿಗೆ ಬದಲಾಯಿಸುವ ಆಜ್ಞೆ ಬಂತು. ಹಸಿರುಬೂದು ಗವಸಿನ ಮೇಲೆ ಹಸಿರು ಅಂಕಿ ಫೋಟೊದಲ್ಲಿ ಮಸುಕಾಗುವುದರಿಂದ ‘ಅಂಕಿಯಿಲ್ಲ’ ಎಂದು ಬರೆಯುವ ಮುನ್ನ ಕಾಂಟ್ರಾಸ್ಟ್ ಏರಿಸಿ ನೋಡಿ. ಹೆಗಲುಪಟ್ಟಿಯನ್ನು ಇಲ್ಲಿ ನೆಚ್ಚಿಕೊಳ್ಳಲಾಗದು. ಸಕ್ರಿಯ ರೆಜಿಮೆಂಟಿಗೂ ಅದೇ ಸಂಖ್ಯೆಯ ರಿಸರ್ವ್ ರೆಜಿಮೆಂಟಿಗೂ ಸಾಮಾನ್ಯವಾಗಿ ಬರಿಯ ಅಂಕಿಯೇ ಇರುತ್ತಿತ್ತು. ಹೆಗಲಲ್ಲಿ 73 ಕಂಡರೆ 73ನೇ ಕಾಲಾಳು ರೆಜಿಮೆಂಟೂ ಆಗಬಹುದು, 73ನೇ ರಿಸರ್ವ್ ರೆಜಿಮೆಂಟೂ ಆಗಬಹುದು. ಗವಸಿಲ್ಲದೆ ಇದು ಬಗೆಹರಿಯುವುದಿಲ್ಲ.

ಹಿಂದೆಯೂ ಮುಂದೆಯೂ ಚಾಚು ಇರುವ, ಎತ್ತರದ, ತಲೆ ಚಪ್ಪಟೆಯಾದ ಚರ್ಮದ ಟೋಪಿ ಷಾಕೊ. ಅದನ್ನು ಕಂಡರೆ ಮೊದಲು ನೆನಪಿಗೆ ಬರಬೇಕಾದವರು ಯೇಗರ್ ಎಂಬ ಹಗುರ ಕಾಲಾಳು ಬೆಟಾಲಿಯನ್ನಿನವರು. ಆದರೆ 19ನೇ ಶತಮಾನದಲ್ಲಿ ಪ್ರಷ್ಯನ್ ಲಾಂಡ್‌ವೇರ್ ಕೂಡ ಷಾಕೊ ಧರಿಸಿತ್ತು. ಅದರ ಮುಂದಿನ ಅಂಡಾಕಾರದ ಬಿಲ್ಲೆಯಲ್ಲಿ ಶಿಲುಬೆ ಇದ್ದರೆ ಯೇಗರ್ ಎಂದು ಬರೆಯಬೇಡಿ.

1914–15ರ ಚರ್ಮದ ಕೊರತೆಯಲ್ಲಿ ತಗಡು, ಫೆಲ್ಟ್ ಮುಂತಾದವುಗಳಿಂದ ಬದಲಿ ಹೆಲ್ಮೆಟ್ಟುಗಳು ಬಂದವು. 1915ರ ಮಾದರಿಯಲ್ಲಿ ಹಿತ್ತಾಳೆಯ ಜಾಗಕ್ಕೆ ಬೂದು ಲೋಹ, ಕಳಚಬಲ್ಲ ಮೊನೆ. ಮೊನೆಯಿಲ್ಲದ ಹೆಲ್ಮೆಟ್ ಕಂಡರೆ ಮುರಿದದ್ದು ಎಂದುಕೊಳ್ಳಬೇಕಿಲ್ಲ, ಕಳಚಿಟ್ಟಿರಬಹುದು. ಉಕ್ಕಿನ ಹೆಲ್ಮೆಟ್ ಇದ್ದರೆ ಚಿತ್ರ 1916ಕ್ಕಿಂತ ಹಿಂದಿನದಾಗಲಾರದು. ಇದರ ವಿರುದ್ಧ ಮಾತು ನಿಜವಲ್ಲ: ಒಳನಾಡಿನ ಸೇತುವೆ, ರೈಲುದಾರಿ, ಸೆರೆ ಶಿಬಿರಗಳ ಕಾವಲಿಗಿದ್ದ ಮುದಿ ಲಾಂಡ್‌ಸ್ಟುರ್ಮ್‌ನವರಿಗೆ ಉಕ್ಕಿನ ಹೆಲ್ಮೆಟ್ ಬೇಕಿರಲಿಲ್ಲ, ಅವರ ತಲೆಯ ಮೇಲೆ ಹಳೆಯ ಟೋಪಿ ಯುದ್ಧದ ಕೊನೆಯ ತನಕ ಉಳಿದಿರಬಹುದು.

ಕಾಲರಿನ ಎರಡು ಸಾಲು

ನಿಜವಾದ ಉತ್ತರ ಇರುವುದು ಇಲ್ಲಿ. ಲಾಂಡ್‌ಸ್ಟುರ್ಮ್ ಕಾಲಾಳು ಬೆಟಾಲಿಯನ್ನಿನವರ ಕಾಲರಿನ ಎರಡೂ ಬದಿ ಲೋಹದ ಅಂಕಿಗಳು: ಮೇಲೆ ರೋಮನ್ ಅಂಕಿಯಲ್ಲಿ ಸೇನಾ ಕೋರ್ ವಲಯ, ಕೆಳಗೆ ಸಾಮಾನ್ಯ ಅಂಕಿಯಲ್ಲಿ ಆ ವಲಯದ ಬೆಟಾಲಿಯನ್ ಸಂಖ್ಯೆ. ಬವೇರಿಯದವರಲ್ಲಿ ರೋಮನ್ ಅಂಕಿಯ ಜೊತೆ ‘ಬಿ’ ಅಕ್ಷರ ಇರುತ್ತದೆ.

ವಲಯಗಳ ಕೇಂದ್ರ ಊರುಗಳು ಇವು: 1 ಕ್ಯೋನಿಗ್ಸ್‌ಬೆರ್ಗ್, 2 ಸ್ಟೆಟಿನ್, 3 ಬರ್ಲಿನ್, 4 ಮಾಗ್ಡೆಬುರ್ಗ್, 5 ಪೋಸೆನ್, 6 ಬ್ರೆಸ್ಲಾವ್, 7 ಮ್ಯುನ್‌ಸ್ಟರ್, 8 ಕೊಬ್ಲೆನ್ಸ್, 9 ಆಲ್ಟೊನಾ, 10 ಹ್ಯಾನೋವರ್, 11 ಕಾಸೆಲ್, 12 ಡ್ರೆಸ್ಡೆನ್, 13 ಸ್ಟುಟ್‌ಗಾರ್ಟ್, 14 ಕಾರ್ಲ್ಸ್‌ರೂಹೆ, 15 ಸ್ಟ್ರಾಸ್‌ಬುರ್ಗ್, 16 ಮೆಟ್ಸ್, 17 ಡಾನ್‌ಜಿಗ್, 18 ಫ್ರಾಂಕ್‌ಫುರ್ಟ್, 19 ಲೈಪ್‌ಜಿಗ್, 20 ಅಲೆನ್‌ಸ್ಟೈನ್, 21 ಸಾರ್‌ಬ್ರ್ಯುಕೆನ್. ಬವೇರಿಯದ ಮೂರು ಬೇರೆ: ಮ್ಯೂನಿಕ್, ವ್ಯುರ್ಟ್ಸ್‌ಬುರ್ಗ್, ನ್ಯುರೆಂಬೆರ್ಗ್. ದೊರೆಯ ಕಾವಲುಪಡೆಯಾದ ಗಾರ್ಡ್ ಕೋರ್‌ಗೆ ಸ್ವಂತ ವಲಯ ಇರಲಿಲ್ಲ. ಆದ್ದರಿಂದ ರೋಮನ್ 24 ಎಂದೇನಾದರೂ ಓದಿದ್ದರೆ ಮತ್ತೊಮ್ಮೆ ನೋಡಿ, ಓದಿದ್ದು ತಪ್ಪು.

ಈ ಅಂಕಿ ಇಡೀ ಗುರುತಿಸುವಿಕೆಗೆ ತಾಳೆ ನೋಡುವ ಕೀಲಿ. ರೋಮನ್ 13 ಓದಿದ್ದೀರಾ? ಹಾಗಿದ್ದರೆ ಅದು ವ್ಯುರ್ಟೆಂಬೆರ್ಗ್, ಕೆಳಗಿನ ಬಿಲ್ಲೆ ಪೂರ್ತಿ ಕಪ್ಪಾಗಿ ಕಾಣಬೇಕು, ಬೆಲ್ಟಿನ ಬಕಲ್‌ನಲ್ಲಿ ‘ಫುರ್ಖ್ಟ್‌ಲೋಸ್ ಉಂಡ್ ಟ್ರೆವ್’ ಎಂಬ ಸಾಲಿರಬೇಕು. 12 ಅಥವಾ 19 ಎಂದರೆ ಸ್ಯಾಕ್ಸನಿ, ಬಕಲ್‌ನಲ್ಲಿ ಲ್ಯಾಟಿನ್ನಿನ ‘ಪ್ರೊವಿಡೆನ್ಷಿಯೆ ಮೆಮೊರ್’. ‘ಬಿ’ ಎಂದರೆ ಬವೇರಿಯ, ‘ಇನ್ ಟ್ರಾಯೆ ಫೆಸ್ಟ್’, ಬಿಳಿ ಬಿಲ್ಲೆ. ಉಳಿದ ಹೆಚ್ಚಿನ ವಲಯಗಳಲ್ಲಿ ಕಿರೀಟದ ಸುತ್ತ ‘ಗಾಟ್ ಮಿಟ್ ಉನ್ಸ್’. ಬಕಲ್ ಮತ್ತು ಕಾಲರ್ ಜಗಳವಾಡಿದರೆ ಕಾಲರನ್ನು ನಂಬಿ. ಬೆಲ್ಟುಗಳು ಉಗ್ರಾಣದಿಂದ ಸಿಕ್ಕಸಿಕ್ಕವರಿಗೆ ಹೋಗುತ್ತಿದ್ದವು, ಸ್ಟುಡಿಯೊದಲ್ಲಿ ಎರವಲೂ ಸಿಗುತ್ತಿದ್ದವು.

ಕಾಲರಿನಲ್ಲಿ ಕಂಡದ್ದೆಲ್ಲ ಅಂಕಿಯಲ್ಲ. ಗೆಫ್ರೈಟರ್ ದರ್ಜೆಯವನಿಗೆ ಕಾಲರಿನ ಎರಡೂ ಬದಿಗೆ ಒಂದೊಂದು ದುಂಡು ಗುಂಡಿ. ಮಸುಕಾದ ಚಿತ್ರದಲ್ಲಿ ಅದು ಸೊನ್ನೆಯಂತೆಯೋ 8ರಂತೆಯೋ ಕಾಣುತ್ತದೆ. ಕೆಳ ಅಧಿಕಾರಿಗೆ ಕಾಲರಿನ ಅಂಚಿಗೆ ಹೊಳೆಯುವ ಜರಿ. ಎರಡು ಬದಿಯ ಗುರುತುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಎರಡೂ ಬದಿ ಒಂದೇ ಓದು ಬಂದರೆ ಮಾತ್ರ ಅದನ್ನು ದಾಖಲಿಸಿ.

ಕಾಲರ್ ಬರಿದಾಗಿದ್ದರೆ? ಯುದ್ಧದ ಮೊದಲ ವಾರಗಳಲ್ಲಿ ಸಮವಸ್ತ್ರ ಸಾಲದೆ ಮನೆಯ ಕೋಟಿನ ಮೇಲೇ ತೋಳುಪಟ್ಟಿ ಕಟ್ಟಿಕೊಂಡು ಕಾವಲು ನಿಂತವರಿದ್ದಾರೆ. ಅಂಥ ಚಿತ್ರದಲ್ಲಿ ತೋಳುಪಟ್ಟಿಯ ಬರಹವೇ ಆಧಾರ. ಅದೂ ಓದಲಾಗದಿದ್ದರೆ ಬೆನ್ನಿನ ಮುದ್ರೆ ನೋಡಿ: ಯುದ್ಧ ಅಂಚೆಯಲ್ಲಿ ಹೋದ ಕಾರ್ಡಿಗೆ ತುಕಡಿಯ ಮೊಹರು ಒತ್ತುತ್ತಿದ್ದರು, ಬೆಟಾಲಿಯನ್ನಿನ ಊರಿನ ಹೆಸರು ಅಲ್ಲಿರುವ ಸಾಧ್ಯತೆ ಹೆಚ್ಚು. ಕೈಬರಹ ಹಳೆಯ ಕುರೆಂಟ್ ಲಿಪಿಯದ್ದು. ನಲವತ್ತು ದಾಟಿದ ಆ ಸೈನಿಕರು ಬರೆದದ್ದನ್ನು ಜ್ಯುಟರ್‌ಲಿನ್ ಲಿಪಿಯೆಂದು ಕರೆಯುವ ರೂಢಿಯಿದೆ, ಅದು ಸರಿಯಲ್ಲ. ಜ್ಯುಟರ್‌ಲಿನ್ ಲಿಪಿ ಪ್ರಷ್ಯದ ಶಾಲೆಗಳಿಗೆ ಬಂದದ್ದೇ 1915ರಲ್ಲಿ.

ಬಂದೂಕು, ತೋಟಾ ಚೀಲ

ಹಳೆಯ ಬಂದೂಕು ಎಂದ ಮಾತ್ರಕ್ಕೆ ಲಾಂಡ್‌ಸ್ಟುರ್ಮ್ ಎನ್ನುವಂತಿಲ್ಲ, ತರಬೇತಿ ಡಿಪೊಗಳಲ್ಲೂ ಹಳೆಯವೇ ಇದ್ದವು. ಆದರೂ ಬಂದೂಕನ್ನು ಸರಿಯಾಗಿ ಗುರುತಿಸಿದರೆ ಉಳಿದ ಊಹೆ ಗಟ್ಟಿಯಾಗುತ್ತದೆ.

ಬಂದೂಕಿನ ಕುದುರೆಯ (ಟ್ರಿಗರ್) ಸುತ್ತಲಿನ ಕಾವಲುಬಳೆಯಿಂದ ಶುರುಮಾಡಿ. ಬಳೆಯ ಮುಂದೆ ಏನೂ ಚಾಚಿಲ್ಲ, ಹಿಡಿಮರದ ಕತ್ತು ತುಸು ಕೆಳಬಾಗಿದೆ, ನಳಿಕೆಯ ಬುಡದಲ್ಲಿ ದೊಡ್ಡ ಕಮಾನಿನಂಥ ಗುರಿಕಣ್ಣು ಎದ್ದಿದೆ: 1898ರ ಮಾದರಿ, ಉದ್ದ 125 ಸೆಂ.ಮೀ., ಆಗಿನ ಪ್ರಮುಖ ಬಂದೂಕು. ಬಳೆಯೊಂದಿಗೆ ಸೇರಿದ ಮ್ಯಾಗಜೀನ್ ಪೆಟ್ಟಿಗೆ ಕೆಳಗೆ ಚಾಚಿದೆ, ನಳಿಕೆಯ ಮೇಲೆ ಕೊಳವೆಯ ಕವಚ ಇರುವುದರಿಂದ ನಳಿಕೆ ದಪ್ಪಗೆ ಕಾಣುತ್ತದೆ: 1888ರ ಮಾದರಿ. ಇದರ 5 ತೋಟಾಗಳ ಕ್ಲಿಪ್ಪು ಖಾಲಿಯಾದಾಗ ಪೆಟ್ಟಿಗೆಯ ತಳದ ತೂತಿನಿಂದ ಬೀಳುತ್ತಿತ್ತು. ಆಮೇಲೆ ಇವನ್ನು ಹೊಸ ತೋಟಾಪಟ್ಟಿಗೆ ಹೊಂದಿಸಿ 88/05 ಮತ್ತು 88/14 ಎಂದು ಮಾಡಿದರು, ಆ ತೂತು ಮುಚ್ಚಿಹೋಯಿತು. ಲಾಂಡ್‌ಸ್ಟುರ್ಮ್ ಚಿತ್ರಗಳಲ್ಲಿ ಈ ಬಂದೂಕು ಹೇರಳ. ಮ್ಯಾಗಜೀನೇ ಇಲ್ಲದ, ಇನ್ನೂ ಉದ್ದನೆಯದು 1871ರ 11 ಮಿ.ಮೀ. ಏಕತೋಟಾ ಬಂದೂಕು, ಸುಮಾರು 135 ಸೆಂ.ಮೀ. ಅದೇ ಕುಲದ 71/84ರಲ್ಲಿ ನಳಿಕೆಯ ಅಡಿಯ ಕೊಳವೆಯಲ್ಲಿ 8 ತೋಟಾ.

ಉದ್ದದಿಂದ ಗುರುತಿಸುವವರು ಜೋಕೆ. 170 ಸೆಂ.ಮೀ. ಮನುಷ್ಯನ ಪಕ್ಕ 98ರ ಬಂದೂಕು ಅವನ ಎತ್ತರದ ಶೇ. 74ರಷ್ಟು, 71ರದ್ದು ಶೇ. 79ರಷ್ಟು. ಬಂದೂಕು ಕ್ಯಾಮೆರಾದತ್ತ ಒಂದಿಷ್ಟು ವಾಲಿದರೂ, ಮನುಷ್ಯ ಕುಳ್ಳನಾದರೂ ಈ ಐದರ ಅಂತರ ಕರಗಿಹೋಗುತ್ತದೆ. ಅಳತೆಯನ್ನು ಆಕಾರಕ್ಕೆ ಬೆಂಬಲವಾಗಿ ಮಾತ್ರ ಬಳಸಿ.

ಪೂರ್ವದ ರಣರಂಗದಲ್ಲಿ ವಶಪಡಿಸಿಕೊಂಡ ರಷ್ಯನ್ ಮೊಸಿನ್ ಬಂದೂಕುಗಳೂ ಹಿಂಬದಿಯ ಕಾವಲುಗಾರರ ಕೈಗೆ ಬಂದವು. ಅದರ ಬಯೊನೆಟ್ ಅಲಗಲ್ಲ, ನಾಲ್ಕು ಏಣಿನ ಉದ್ದ ಮುಳ್ಳು. ಜರ್ಮನ್ ಟೋಪಿ, ರಷ್ಯನ್ ಬಂದೂಕು ಎಂಬುದು ನಕಲಿ ಚಿತ್ರದ ಲಕ್ಷಣವೇನಲ್ಲ. ಜರ್ಮನ್ ಬಯೊನೆಟ್ಟುಗಳಲ್ಲಿ ಹಿತ್ತಾಳೆ ಹಿಡಿಯ ಉದ್ದನೆಯದು 1871ರ ಮಾದರಿ, ಚಾಕುವಿನಂಥ ಗಿಡ್ಡನೆಯದು 71/84.

ತೋಟಾ ಚೀಲ ಸುಲಭ. ಬೆಲ್ಟಿನ ಎರಡೂ ಬದಿ ಮೂರು ಮೂರು ಸಣ್ಣ ಚೀಲ ಇದ್ದರೆ 1909ರ ಮಾದರಿ, ಒಟ್ಟು 120 ತೋಟಾ. ಬದಿಗೊಂದು ದೊಡ್ಡ ಪೆಟ್ಟಿಗೆಯಂಥ ಕಪ್ಪು ಚೀಲ ಇದ್ದರೆ 1895ರದ್ದು ಅಥವಾ ಅದಕ್ಕೂ ಹಳೆಯದು. ಬೆನ್ನಿಗೆ ಕೂದಲುಳ್ಳ ಕರುಚರ್ಮದ ಚೌಕ ಟೋರ್ನಿಸ್ಟರ್ ಬದಲು ಮೆತ್ತನೆಯ ಬಟ್ಟೆಚೀಲ ಇದ್ದರೆ ಎರಡನೇ ಸಾಲಿನ ತುಕಡಿಯ ಅನುಮಾನ ಬಲವಾಗುತ್ತದೆ. ಸ್ಟುಡಿಯೊ ಚಿತ್ರವಾದರೆ ಒಂದು ಎಚ್ಚರಿಕೆ: ಮೇಜಿನ ಮೇಲಿಟ್ಟ ಹೆಲ್ಮೆಟ್, ಕೈಗೆ ಕೊಟ್ಟ ಬಂದೂಕು ಸ್ಟುಡಿಯೊದ್ದೇ ಇರಬಹುದು. ಮೈಮೇಲಿನದಕ್ಕೆ ಹೆಚ್ಚು ಬೆಲೆ, ಪಕ್ಕದಲ್ಲಿಟ್ಟದ್ದಕ್ಕೆ ಕಡಿಮೆ.

ವೇಷ ಒಂದೇ, ಪಡೆ ಬೇರೆ

ರಷ್ಯದ ಒಪೊಲ್ಚೆನಿಯೆ. ಇದೂ ಮುದಿ ಮೀಸಲು ಪಡೆ, ಇವರ ಟೋಪಿಯ ಮೇಲೂ ಲೋಹದ ಶಿಲುಬೆ, ಅದೂ ಮುಂಚಾಚಿನ ಟೋಪಿಯೇ. ಜರ್ಮನ್ ಶಿಬಿರದಲ್ಲಿ ತೆಗೆದ ಗುಂಪುಚಿತ್ರದಲ್ಲಿ ಸೆರೆಯಾಳನ್ನೂ ಕಾವಲುಗಾರನನ್ನೂ ಅದಲುಬದಲು ಮಾಡುವುದು ಇಲ್ಲೇ. ರಷ್ಯದ ಶಿಲುಬೆಯ ನಡುವೆ ಸಾರ್ ದೊರೆಯ ಹೆಸರಿನ ಹೆಣೆದ ಅಕ್ಷರಗಳಿರುತ್ತವೆ, ಬಿಲ್ಲೆ ದುಂಡಲ್ಲ, ಅಂಡಾಕಾರ. ಬಟ್ಟೆಯ ಮೃದು ಟೋಪಿಯೇ ಹೊರತು ಮೇಣಬಟ್ಟೆಯ ಹೊಳಪಿರುವುದಿಲ್ಲ. ಬೆಲ್ಟು, ಬಂದೂಕು ಯಾರ ಬಳಿ ಇದೆ ಎಂಬುದನ್ನೂ ನೋಡಿ.

ಆಸ್ಟ್ರಿಯ-ಹಂಗೇರಿಗೂ ತನ್ನದೇ ಲಾಂಡ್‌ಸ್ಟುರ್ಮ್ ಇತ್ತು. ಕಾರ್ಡಿನ ಬೆನ್ನಿನಲ್ಲಿ ಜರ್ಮನ್ ಭಾಷೆ, ‘ಲಾಂಡ್‌ಸ್ಟುರ್ಮ್’ ಎಂಬ ಪದ, ಎಲ್ಲ ಇರುತ್ತದೆ, ದೇಶ ಮಾತ್ರ ಬೇರೆ. ಅವರ ಮೈದಾನ ಟೋಪಿಯ ಸುತ್ತ ಮಡಚಿಟ್ಟ ಕಿವಿಪಟ್ಟಿ, ಅದಕ್ಕೆ ಮುಂದೆ ಎರಡು ಗುಂಡಿ, ಮೇಲೆ ಚಕ್ರವರ್ತಿ ಫ್ರಾನ್ಸ್ ಯೋಸೆಫ್ ಹೆಸರಿನ ಮೊದಲಕ್ಷರಗಳ ದುಂಡು ಬಿಲ್ಲೆ. ಕಾಲರಿನ ತುದಿಯಲ್ಲಿ ದರ್ಜೆಯ ನಕ್ಷತ್ರಗಳು. ಜರ್ಮನ್ ಸಿಪಾಯಿಯ ಕಾಲರಿನಲ್ಲಿ ನಕ್ಷತ್ರ ಇರುವುದಿಲ್ಲ, ಆದ್ದರಿಂದ ಒಂದು ನಕ್ಷತ್ರ ಕಂಡರೂ ಸಾಕು. ತೋಳಿನಲ್ಲಿ ಕಪ್ಪು-ಹಳದಿ ಪಟ್ಟಿಯೂ ಅವರದೇ.

ಫೋಕ್ಸ್‌ಸ್ಟುರ್ಮ್ 1944ರ ಸೆಪ್ಟೆಂಬರಿನ ಆಜ್ಞೆಯಿಂದ ಹುಟ್ಟಿ ಅಕ್ಟೋಬರಿನಲ್ಲಿ ಘೋಷಣೆಯಾದ ಹಿಟ್ಲರ್ ಕಾಲದ ಪಡೆ, 16ರಿಂದ 60ರ ಗಂಡಸರಿಗೆ. ಮನೆಬಟ್ಟೆ, ಹಳೆಯ ಬಂದೂಕು, ಬಿಳಿಗಡ್ಡ ಇಲ್ಲೂ ಸಿಗುತ್ತವೆ. ತೋಳುಪಟ್ಟಿಯಲ್ಲಿ ‘ಡಾಯ್ಚರ್ ಫೋಕ್ಸ್‌ಸ್ಟುರ್ಮ್ ವೇರ್‌ಮಾಖ್ಟ್’ ಎಂಬ ಬರಹ ಇದ್ದರೆ ಅಥವಾ ಯಾರ ಹೆಗಲಿನಲ್ಲಾದರೂ ಟ್ಯಾಂಕ್ ಒಡೆಯುವ ಪಾಂಜರ್‌ಫೌಸ್ಟ್ ಇದ್ದರೆ ಚರ್ಚೆ ಮುಗಿಯಿತು.

ಚೀಟಿ ಬರೆಯುವ ಕ್ರಮ

ಓದಿದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಉದಾಹರಣೆಗೆ: ‘ಕಂಡದ್ದು: ಮೇಣಬಟ್ಟೆ ಟೋಪಿ, ದೊಡ್ಡ ಶಿಲುಬೆ, ನಿಂತ ಕಾಲರಿನ ಅಂಗಿ, ಜೇಬಿಲ್ಲ, ಕಾಲರಿನ ಮೇಲಿನ ಸಾಲು ರೋಮನ್ 11, ಕೆಳಗಿನದು ಅಸ್ಪಷ್ಟ, 1888ರ ಬಂದೂಕು. ತೀರ್ಮಾನ: ಕಾಸೆಲ್ ವಲಯದ ಲಾಂಡ್‌ಸ್ಟುರ್ಮ್ ಕಾಲಾಳು, ಬೆಟಾಲಿಯನ್ ತಿಳಿಯದು, ಬಹುಶಃ 1914–15.’ ನಾಳೆ ಇನ್ನೂ ಒಳ್ಳೆಯ ಪ್ರತಿ ಸಿಕ್ಕವರು ಕೆಳಗಿನ ಸಾಲನ್ನು ಮಾತ್ರ ತುಂಬಿದರೆ ಸಾಕು. ‘ಕಾಸೆಲ್ ಬೆಟಾಲಿಯನ್’ ಎಂದು ಬರೆದುಬಿಟ್ಟರೆ ಆ ತಪ್ಪು ಪ್ರತಿಯಿಂದ ಪ್ರತಿಗೆ ಹೋಗುತ್ತದೆ, ಏಕೆಂದರೆ ವಲಯದ ಕೇಂದ್ರ ಊರೇ ಬೆಟಾಲಿಯನ್ನಿನ ಊರಾಗಿರಬೇಕಿಲ್ಲ.

ನಮ್ಮವರು ಈ ಚಿತ್ರಗಳನ್ನು ಹುಡುಕುವುದು ಹೆಚ್ಚಾಗಿ ಭಾರತೀಯ ಸೆರೆಯಾಳುಗಳಿಗಾಗಿ. ಬರ್ಲಿನ್ನಿನ ದಕ್ಷಿಣಕ್ಕಿರುವ ವ್ಯುನ್ಸ್‌ಡೋರ್ಫ್‌ನ ‘ಅರ್ಧಚಂದ್ರ ಶಿಬಿರ’ದಲ್ಲಿ ಬ್ರಿಟಿಷ್ ಇಂಡಿಯಾದ ಸೈನಿಕರಿದ್ದರು. 1915ರಲ್ಲಿ ಅಲ್ಲೊಂದು ಮರದ ಮಸೀದಿ ಕಟ್ಟಿದ್ದರು. ಪ್ರಷ್ಯದ ಧ್ವನಿಮುದ್ರಣ ಆಯೋಗ ಅಲ್ಲಿನ ಭಾರತೀಯರ ದನಿಗಳನ್ನೂ ಮುದ್ರಿಸಿಕೊಂಡಿತು. ಅಂಥ ಚಿತ್ರದ ಅಂಚಿನಲ್ಲಿ ನಿಂತ ಕಾವಲುಗಾರನ ಕಾಲರ್ ಓದಿ ಶಿಬಿರದ ಹೆಸರು ಹೇಳಲು ಹೋಗಬೇಡಿ. ಆ ಅಂಕಿ ಹೇಳುವುದು ಬೆಟಾಲಿಯನ್ ಎಲ್ಲಿ ಹುಟ್ಟಿತು ಎಂಬುದನ್ನು, ಎಲ್ಲಿ ಕಾವಲಿಗೆ ನಿಂತಿತು ಎಂಬುದನ್ನಲ್ಲ. ಶಿಬಿರಕ್ಕೆ ಹಿನ್ನೆಲೆಯ ಕಟ್ಟಡ, ಬೆನ್ನಿನ ಮುದ್ರೆ ಮತ್ತು ಪ್ರಕಾಶಕರ ಹೆಸರನ್ನು ನೋಡಿ. ಕಾವಲುಗಾರನ ಅಂಗಿ ಮತ್ತು ಟೋಪಿಯಿಂದ ಚಿತ್ರದ ಕಾಲವನ್ನು ಬಿಗಿಗೊಳಿಸಿ: ಗುಂಡಿ ಮುಚ್ಚಿದ ಹೊಸ ಅಂಗಿ ಅವನ ಮೈಮೇಲಿದ್ದರೆ ಆ ಗುಂಪುಚಿತ್ರ 1915ರ ಶರತ್ಕಾಲಕ್ಕಿಂತ ಹಿಂದಿನದಲ್ಲ.